ತೋಟದ ಮಾದರಿ ರೈಲಿಗೆ ಹಿತ್ತಾಳೆ ಹಳಿಯೋ, ಅಲ್ಯೂಮಿನಿಯಂ ಹಳಿಯೋ?

ಬಳ್ಳಾರಿಯ ಮನೆಯಂಗಳದಲ್ಲಿ 45 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಮಾದರಿ ರೈಲುಮಾರ್ಗ ಹಾಕಬಯಸುವವರು, ಎಂಜಿನ್‌ಗೆ ವಿದ್ಯುತ್ತು ಹಳಿಯಿಂದ ಬರಬೇಕೋ ಬ್ಯಾಟರಿಯಿಂದಲೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಹಿತ್ತಾಳೆ ಹಳಿ ದುಬಾರಿಯಾದರೂ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ತುಳಿದರೆ ಸುಲಭವಾಗಿ ಬಾಗದು. ಅಲ್ಯೂಮಿನಿಯಂ ಅಗ್ಗ, ಆದರೆ ಮೃದು. ಅದರ ಮೇಲೆ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುವುದರಿಂದ ಬ್ಯಾಟರಿ ಎಂಜಿನ್‌ಗೇ ಅದು ತಕ್ಕದ್ದು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಯವರು ಧೂಳಿನಿಂದಾಗಿ ಹಿತ್ತಾಳೆ ಹಳಿಯನ್ನು ಪ್ರತಿ ಓಟಕ್ಕೆ ಮುನ್ನ ಒರೆಸಬೇಕಾದೀತು. ಅಂಥವರಿಗೆ ಬ್ಯಾಟರಿಯೇ ನೆಮ್ಮದಿ ಎಂಬುದು ನನ್ನ ಅನಿಸಿಕೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಎರಡೂ ಹಿಗ್ಗುತ್ತವೆ, ಅಲ್ಯೂಮಿನಿಯಂ ತುಸು ಹೆಚ್ಚು. ಆದ್ದರಿಂದ ಕೀಲುಗಳಲ್ಲಿ ಸಂದು ಬಿಡಲೇಬೇಕು. ಹಿತ್ತಾಳೆ ಆರಿಸಿದವರಿಗೆ ಎಂಜಿನ್ ಇಡಲು ಮಳೆ ಸೋರದ ತಗಡಿನ ಶೆಡ್ಡು ಸಾಕು; ಬ್ಯಾಟರಿಯವರು ಮಾತ್ರ ಬ್ಯಾಟರಿಯನ್ನು ಕಾದ ತಗಡಿನಡಿ ಬಿಡದೆ ಮನೆಯೊಳಗೆ ತಂದಿಡಬೇಕು.