ಕಂಪನಿಯ ಆ್ಯಪ್‌ನಲ್ಲಿ ಮಳೆ ಲೆಕ್ಕ ಬರೆದಿಡುವ ಬೆಳೆಗಾರರಿಗೆ

ಕಾಫಿ ಖರೀದಿಸುವ ಇಲ್ಲವೇ ಗೊಬ್ಬರ ಮಾರುವ ಕಂಪನಿಗಳ ಆ್ಯಪ್‌ಗಳಲ್ಲಿ ಬಳಗ ಕಟ್ಟಿಕೊಳ್ಳಲು ಹೊರಟಿರುವ ಕೊಡಗಿನ ಬೆಳೆಗಾರರು, ಅದಕ್ಕೆ ಮುನ್ನ ನಮಗಾದದ್ದನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ.

ಸೋಮವಾರಪೇಟೆ ಕಡೆಯ ನಾವು ಕೆಲವರು ಅಂಥದೊಂದು ಆ್ಯಪ್‌ನಲ್ಲಿ ವರ್ಷಗಟ್ಟಲೆ ಬರೆದೆವು. ಕಾಫಿ ಹೂ ಅರಳಿಸುವ ಹೂಮಳೆ ಯಾವ ತೋಟಕ್ಕೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು, ಅರೇಬಿಕಾ ಗಿಡದ ಕಾಂಡದಲ್ಲಿ ಬಿಳಿ ಕಾಂಡಕೊರಕ ಹುಳು ಕೊರೆದ ಉಬ್ಬುಗೆರೆ ಎಲ್ಲೆಲ್ಲಿ ಕಾಣಿಸಿತು, 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ದಿನಗಳಲ್ಲಿ ಮಳೆಮಾಪಕ ಎಷ್ಟು ಬಾರಿ ತುಂಬಿತು ಎಂಬುದೆಲ್ಲ ಅಲ್ಲಿತ್ತು.

ಆ್ಯಪ್ ಬೇರೆ ಕಂಪನಿಯ ಕೈಗೆ ಹೋದ ಮೇಲೆ ತೊಂದರೆ ಶುರುವಾಯಿತು. ಹೊಸ ಮಾಲೀಕರಿಗೆ ಕಾಫಿ ಖರೀದಿಯ ವ್ಯವಹಾರವೂ ಇತ್ತು. ಅವರ ಖರೀದಿ ಕೇಂದ್ರದಲ್ಲಿ, ಬೆಲೆ ಇಳಿಯುವಂತೆ, ಕಾಫಿಯ ತೇವಾಂಶವನ್ನು ಹೆಚ್ಚು ತೋರಿಸುತ್ತಾರೆಂದು, ತಮ್ಮ ಮನೆಯ ಮೀಟರಿನ ಚಿತ್ರ ಸಮೇತ ಒಬ್ಬರು ಬರೆದದ್ದು ಸಂಜೆಯೊಳಗೆ ಮಾಯವಾಯಿತು. ಅಳಿಸಿದ್ದೇಕೆಂದು ಕೇಳಿದ್ದಕ್ಕೆ, ಸಂಬಳವಿಲ್ಲದೆ ಬಳಗವನ್ನು ನೋಡಿಕೊಂಡಿದ್ದ ನಿರ್ವಾಹಕರನ್ನೇ ತೆಗೆದು ಮಾರಾಟ ವಿಭಾಗದವರನ್ನು ಕೂರಿಸಿದರು. ಮುಂದೆ ಲಾಭವಿಲ್ಲವೆಂದು ಆ್ಯಪ್ ಮುಚ್ಚಿತು. ಸರ್ವರಿನ ಖರ್ಚು ಹೊರುವವರು ಬಾಗಿಲು ಹಾಕುವುದನ್ನು ನಾನು ಅನ್ಯಾಯವೆನ್ನಲಾರೆ. ಆದರೆ ನಮ್ಮ ಮಳೆ ಲೆಕ್ಕದ ಪ್ರತಿ ಕೇಳಿದಾಗ, ಷರತ್ತುಗಳ ಪ್ರಕಾರ ಮಾಹಿತಿಯೆಲ್ಲ ಸಂಸ್ಥೆಯದೇ ಎಂದು ಉತ್ತರಿಸಿದರಲ್ಲ, ಅದನ್ನು ಒಪ್ಪಲಾಗದು.

ಹೊರಬರುವ ಹಕ್ಕು ಇದ್ದವರ ಕಥೆಯೇ ಬೇರೆ. ಸ್ವಯಂಸೇವಕರು ಬರೆಯುತ್ತಿದ್ದ ಪ್ರವಾಸ ಕೈಪಿಡಿ ವಿಕಿಟ್ರಾವೆಲ್ ಅನ್ನು 2006ರಲ್ಲಿ ಇಂಟರ್ನೆಟ್ ಬ್ರ್ಯಾಂಡ್ಸ್ ಕಂಪನಿ ಕೊಂಡಿತು. ಮಾಲೀಕರ ರೀತಿ ಒಗ್ಗದೆ ಬರಹಗಾರರಲ್ಲಿ ಬಹಳಷ್ಟು ಜನ 2012ರಲ್ಲಿ ಹೊರಟಾಗ ಕಂಪನಿ ಇಬ್ಬರ ಮೇಲೆ ದಾವೆ ಹೂಡಿತಾದರೂ, ಬರಹಗಳು, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದ್ದುದರಿಂದ ಅವನ್ನು ಕೊಂಡೊಯ್ಯುವುದನ್ನು ತಡೆಯಲಾಗಲಿಲ್ಲ. ಹೆಸರು ಮಾತ್ರ ಕಂಪನಿಗೇ ಉಳಿಯಿತು. 2013ರ ಜನವರಿ 15ರಂದು ಅದೇ ಬರಹಗಳು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಆಶ್ರಯದಲ್ಲಿ ವಿಕಿವಾಯೇಜ್ ಎಂಬ ಹೆಸರಿನಿಂದ ವಿಧಿವತ್ತಾಗಿ ಆರಂಭವಾದವು.

ಆದ್ದರಿಂದ ಮಾಲೀಕರು ಒಳ್ಳೆಯವರೇ ಎಂದು ವಿಚಾರಿಸುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ, ಮಾಲೀಕರು ಬದಲಾಗುತ್ತಾರೆ. ಬರಹದ ಪರವಾನಗಿ ಯಾವುದು, ಪೂರ್ತಿ ಪ್ರತಿಯನ್ನು ನಾವೇ ಇಳಿಸಿಕೊಳ್ಳಬಹುದೇ, ನಿರ್ವಾಹಕರನ್ನು ನೇಮಿಸುವವರು ಮತ್ತು ತೆಗೆಯುವವರು ಯಾರು ಎಂಬುದನ್ನು ಲಿಖಿತವಾಗಿ ಕೇಳಿರಿ. ಉತ್ತರ ಕೊಡದ ಕಂಪನಿಯ ಆ್ಯಪ್‌ನಲ್ಲಿ ದರ ನೋಡಲು ಅಡ್ಡಿಯಿಲ್ಲ, ಮಳೆ ಲೆಕ್ಕವನ್ನು ಮಾತ್ರ ಅಲ್ಲಿ ಹಾಕಬೇಡಿ.