ಸಾಲ ಅರ್ಧಕ್ಕೆ ಇಳಿಸಿ ಕೊಡ್ತೀವಿ ಅನ್ನೋರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಕಲಬುರಗಿಯಲ್ಲಿ ಈಗ ಒಂದು ದಂಧೆ ಜೋರಾಗಿ ನಡೆದಿದೆ. "ಕಂತು ಕಟ್ಟೋಕೆ ಆಗ್ತಿಲ್ವಾ? ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಸಿ ಕೊಡ್ತೀವಿ" ಅಂತ ಫೋನ್ ಬರುತ್ತದೆ. ಇವರು ಸಾಲ ಕೊಟ್ಟವರಲ್ಲ, ಬ್ಯಾಂಕಿನವರೂ ಅಲ್ಲ. ನಡುವೆ ಕೂತು ಫೀ ತೆಗೆದುಕೊಳ್ಳುವವರು. ನಮ್ಮ ಮನೆಯಿಂದ ಸುಮಾರು 60,000 ರೂಪಾಯಿ ಒಯ್ದರು, ಸಾಲ ಮಾತ್ರ ಮೊದಲಿಗಿಂತ ಜಾಸ್ತಿ ಆಯಿತು. ಕಂಪನಿ ಹೆಸರು ಹಾಕುವುದಿಲ್ಲ. ಬೋರ್ಡು ಬದಲಿಸುವುದು ಇಂಥವರಿಗೆ ಏನೂ ಕಷ್ಟವಲ್ಲ. ಮೋಸ ಮಾಡುವ ರೀತಿ ಗೊತ್ತಾದರೆ ಸಾಕು, ಅದನ್ನೇ ಬರೆಯುತ್ತೇನೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮ ಮನೆಯವರು ಗಂಜ್ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. 2022ರಲ್ಲಿ ನೆಟೆ ರೋಗ ಬಂದು ನಮ್ಮ ಕಡೆ ತೊಗರಿ ನಿಂತಲ್ಲೇ ಒಣಗಿತಲ್ಲ, ಆಗಿನಿಂದ ಅವರ ಮಿಲ್ಲಿಗೆ ಮಾಲು ಸರಿಯಾಗಿ ಬರಲಿಲ್ಲ. ಮೊದಲು ಸಂಬಳ ತಡವಾಯಿತು. ಆಮೇಲೆ ಮಿಲ್ಲೇ ಬಂದ್. ಬೇರೆ ಕೆಲಸ ಹುಡುಕಿದರು, ಸಿಗಲಿಲ್ಲ. ಇದ್ದ ದುಡ್ಡಿನಲ್ಲಿ ಮೊಬೈಲ್ ಕವರ್, ಚಾರ್ಜರ್ ಮಾರುವ ಸಣ್ಣ ಅಂಗಡಿ ಹಾಕಿದರು, ಅದೂ ಕೂಡಲಿಲ್ಲ. ನಾನು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಸಂಬಳ 24,000. ಅದರಲ್ಲಿ ಅವರ ಪರ್ಸನಲ್ ಲೋನಿನ ಕಂತು 11,400, ಕ್ರೆಡಿಟ್ ಕಾರ್ಡಿಗೆ ಕನಿಷ್ಠ ಅಂತ ಸುಮಾರು 4,000, ನನ್ನ ಹೆಸರಿನ ಸಂಘದ ಸಾಲಕ್ಕೆ ವಾರಕ್ಕೆ 1,150. ಮೇಲೆ ಅಡ ಇಟ್ಟ ಬಂಗಾರದ ಬಡ್ಡಿ. ಉಳಿದದ್ದರಲ್ಲಿ ಮನೆ ಬಾಡಿಗೆ, ಇಬ್ಬರು ಮಕ್ಕಳು, ಅತ್ತೆಯವರ ಬಿಪಿ ಮಾತ್ರೆ. ಹೇಗೆ ನಡೆಯುತ್ತಿತ್ತು ಅಂತ ಕೇಳಬೇಡಿ. ತವರಿನಿಂದ ಜೋಳ, ಬೇಳೆ ಬರುತ್ತಿತ್ತು, ಅಷ್ಟೇ.

ದುಡ್ಡಿಗಿಂತ ಮನೆಯವರ ಸ್ಥಿತಿ ನನಗೆ ಹೆಚ್ಚು ಚಿಂತೆಯಾಗಿತ್ತು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಿಲ್ಲ. ಮದುವೆ, ಜಾತ್ರೆ ಎಲ್ಲ ಬಿಟ್ಟರು. ಯಾರಾದರೂ "ಈಗ ಎಲ್ಲಿ ಕೆಲಸ ಮಾಡ್ಲತೀರಿ?" ಅಂತ ಕೇಳಿಬಿಟ್ಟರೆ ಎರಡು ದಿನ ಮಾತಿಲ್ಲ. ಹೆಂಡತಿ ದುಡಿದು ಸಾಲ ತೀರಿಸುತ್ತಿದ್ದಾಳೆ ಅನ್ನುವುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ಕಂಪನಿಯವರು ಹಿಡಿದದ್ದು ಇದನ್ನೇ. ನಾನು ಡ್ಯೂಟಿಯಲ್ಲಿರುವ ಹೊತ್ತಿಗೇ ಫೋನ್ ಮಾಡುತ್ತಿದ್ದರು. "ಅಣ್ಣಾರ, ಅಕ್ಕಾರ ಒಬ್ರೇ ಎಷ್ಟಂತ ದುಡಿತಾರ್ರಿ? ನೀವೂ ಒಂದು ದಾರಿ ಮಾಡಬೇಕಲ್ರಿ." ಎಷ್ಟು ಮೆತ್ತಗಿನ ಮಾತು ನೋಡಿ. ಸೇಡಂ ರೋಡಿನ ಕಡೆ, ಎರಡನೇ ಮಹಡಿಯಲ್ಲಿ ಅವರ ಆಫೀಸು. ಎಸಿ, ಗಾಜಿನ ಬಾಗಿಲು, ಗೋಡೆಗೆ ತಕ್ಕಡಿಯ ಚಿತ್ರ. ಲೋನು, ಕಾರ್ಡು ಎರಡೂ ಮನೆಯವರ ಹೆಸರಲ್ಲಿದ್ದವು. ಹೀಗಾಗಿ ಅವರೊಬ್ಬರ ಸಹಿಯೇ ಸಾಕಾಯಿತು. ಸಂಜೆ ನಾನು ಬಂದಾಗ ಅವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಇತ್ತು. ಅದನ್ನು ನೋಡಿ ಯಾರು ತಾನೇ ಬೇಡ ಅಂತಾರೆ?

ಲೆಕ್ಕ ಹೀಗಿತ್ತು. ನೋಂದಣಿಗೆ 18,000. ಆಮೇಲೆ ತಿಂಗಳಿಗೆ 8,500 ಅವರಿಗೇ ಕಟ್ಟಬೇಕು, ಅದು "ಸೆಟಲ್‌ಮೆಂಟ್ ಫಂಡ್" ಆಗಿ ಬೆಳೆಯುತ್ತದಂತೆ. ಬ್ಯಾಂಕಿಗೆ, ಕಾರ್ಡಿಗೆ ಒಂದು ರೂಪಾಯಿಯೂ ಕಟ್ಟಬಾರದು. "ಬಂದ್ ಮಾಡ್ರಿ, ಬ್ಯಾಂಕ್‌ನವರೇ ಓಡಿ ಬಂದು ನಲವತ್ತು ಪರ್ಸೆಂಟಿಗೆ ಒಪ್ತಾರ." ಕರೆಗಳೆಲ್ಲ ಅವರ ನಂಬರಿಗೆ ಹೋಗುವಂತೆ ಮನೆಯವರ ಫೋನಿನಲ್ಲಿ ಫಾರ್ವರ್ಡ್ ಹಾಕಿ ಕಳಿಸಿದ್ದರು. ಇದು ಬಹಳ ಮುಖ್ಯ, ಗಮನಿಸಿ. ಬ್ಯಾಂಕಿನವರು ಮಾತಾಡಲು ಫೋನ್ ಮಾಡಿದರೂ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಇನ್ನೊಂದು ಮಾತು ಹೇಳಿದ್ದರು: "ಸರ್ಕಾರ ಕಾನೂನು ತಂದಾದ, ಇನ್ನ ಯಾರೂ ಮನಿಗೆ ಬರಂಗಿಲ್ಲ." 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು, ಆಮೇಲೆ ಅದು ಕಾಯ್ದೆಯಾದದ್ದು ನಿಜ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಆದರೆ ಅದು ಕಿರುಕುಳದ ವಿರುದ್ಧದ ಕಾನೂನು. ಬ್ಯಾಂಕಿನಿಂದ ತಂದ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ನಮ್ಮ ಓಣಿಯಲ್ಲೂ ಎಷ್ಟೋ ಜನ ಮನ್ನಾ ಆಯಿತು ಅಂತಲೇ ತಿಳಿದಿದ್ದಾರೆ. ಈ ದಂಧೆಯವರಿಗೆ ಅದೇ ಬಂಡವಾಳ.

ಕಂತು ನಿಲ್ಲಿಸಿದ ಮೊದಲ ತಿಂಗಳೇ ಆಟೋ ಡೆಬಿಟ್, ಅಂದರೆ ಖಾತೆಯಿಂದ ತಾನಾಗಿ ಕಂತು ಹೋಗುವ ವ್ಯವಸ್ಥೆ, ಬೌನ್ಸ್ ಆಯಿತು. ನಮ್ಮ ಖಾತೆ ಇದ್ದ ಬ್ಯಾಂಕ್ ಒಂದು ದಂಡ ಹಾಕಿತು, ಸಾಲ ಕೊಟ್ಟವರು ಇನ್ನೊಂದು. ಅದರ ಮೇಲೆ ಜಿಎಸ್‌ಟಿ. ಕಾರ್ಡಿನ ಬಡ್ಡಿ ಬಗ್ಗೆ ಹೇಳುವುದೇ ಬೇಡ, ತಿಂಗಳಿಗೆ ಶೇಕಡಾ ಮೂರೂವರೆ ಅಂದರೆ ವರ್ಷಕ್ಕೆ ನಲವತ್ತು ದಾಟುತ್ತದೆ. 90 ದಿನ ಕಳೆದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ ವಕೀಲರ ನೋಟಿಸ್ ಬಂತು. ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ವಾಪಸಾದರೆ ಚೆಕ್ ಬೌನ್ಸಿನ ಹಾಗೆಯೇ ಕ್ರಿಮಿನಲ್ ಕೇಸ್ ಹಾಕಬಹುದು. 2007ರ ಪೇಮೆಂಟ್ ಆ್ಯಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್, 2 ವರ್ಷದವರೆಗೆ ಶಿಕ್ಷೆ. ಇದನ್ನು ಎಸಿ ರೂಮಿನಲ್ಲಿ ಕೂರಿಸಿ ಚಹಾ ಕುಡಿಸಿದವರು ಯಾರೂ ಹೇಳಿರಲಿಲ್ಲ.

ವಸೂಲಿಯವರು ಮನೆಗೆ ಬರತೊಡಗಿದರು. ನಾನು ಲ್ಯಾಬಿನಲ್ಲಿ, ಮಕ್ಕಳು ಅಜ್ಜಿ ಜೊತೆ ಊರಲ್ಲಿ. ಮೇ ತಿಂಗಳು. ನಮ್ಮ ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ಲ. ಒಂದು ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಬಂದೆ. ಕಟ್ಟೆ ಮೇಲೆ ಇಬ್ಬರು ಕೂತು ಜೋರಾಗಿ ಮಾತಾಡುತ್ತಿದ್ದರು, ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಹೇಗೋ ಕಳಿಸಿ ಹಿಂಬಾಗಿಲಿನಿಂದ ಒಳಗೆ ಹೋದರೆ, ಮನೆಯವರು ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ಅಂಗಿ ಬೆವರಿನಲ್ಲಿ ತೊಯ್ದು ಹೋಗಿದೆ. ಫ್ಯಾನ್ ಬಂದ್. ಯಾಕೆ ಅಂದೆ. "ಸಪ್ಪಳ ಕೇಳಿದ್ರ ಒಳಗ ಅದೀನಿ ಅಂತ ತಿಳಿತದ" ಅಂದರು.

ಅವತ್ತೇ ಕಂಪನಿಗೆ ಫೋನ್ ಮಾಡಿದೆ. ನಮ್ಮ ಜೊತೆ ಮಾತಾಡುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ. "ಬೆಂಗಳೂರಿನ ಲಾಯರ್ ಟೀಮ್" ಮೇಲ್ ಮಾಡಿ ಅಂದಿತು. ಕಪಾಟಿನಿಂದ ಒಪ್ಪಂದದ ಕಾಗದ ತೆಗೆದು ಓದಿದೆ. ಪೂರ್ತಿ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಸಾಲ ಕಡಿಮೆ ಮಾಡಿಸುವ ಭರವಸೆ ಅದರಲ್ಲಿ ಎಲ್ಲೂ ಇಲ್ಲ. "ಸಲಹೆ" ಮಾತ್ರ. ಕೊಟ್ಟ ಫೀ ವಾಪಸ್ ಇಲ್ಲ. ತಕರಾರಿದ್ದರೆ ಬೇರೆ ರಾಜ್ಯದ ಕೋರ್ಟಿಗೆ ಹೋಗಬೇಕು. ಫಂಡ್ ಅಂತ ಕಟ್ಟಿದ ದುಡ್ಡಿನ ರಸೀದಿಯಲ್ಲಿ "ಕನ್ಸಲ್ಟೆನ್ಸಿ ಚಾರ್ಜ್" ಅಂತ ಇತ್ತು. ದುಡ್ಡು ಹೋದ ಖಾತೆಯ ಹೆಸರಿಗೂ ಬೋರ್ಡಿನ ಮೇಲಿನ ಹೆಸರಿಗೂ ಸಂಬಂಧವೇ ಇರಲಿಲ್ಲ.

ಮರುದಿನ ಮನೆಯವರನ್ನು ಕರೆದುಕೊಂಡು ಸೀದಾ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಹೇಳಿದ್ದು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮ ಪರವಾಗಿ ಆ ಕಂಪನಿಯಿಂದ ಒಂದು ಅಚ್ಚು ಹಾಕಿದ ಪತ್ರ ಬಂದಿತ್ತಂತೆ. ಅದು ಬಿಟ್ಟರೆ ಯಾರೂ ಬಂದಿಲ್ಲ, ಮಾತಾಡಿಲ್ಲ. ಕೆಲಸ ಹೋದ ಕೂಡಲೇ ಸಾಲಗಾರರೇ ಬಂದು ಹೇಳಿದ್ದರೆ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡುವುದನ್ನು ಆಗಲೇ ನೋಡಬಹುದಿತ್ತು ಅಂದರು. ಅದಕ್ಕೆ ಫೀ ಕೊಟ್ಟು ನಡುವಿನವರನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ನನ್ನ ಎರಡು ಬಳೆ ಬಿಡಿಸಿ ಮಾರಿ ಬಾಕಿ ಕಟ್ಟಿದೆವು. ಆಮೇಲೆ ಅವಧಿ ಹೆಚ್ಚಿಸಿದರು, ಕಂತು 7,800ಕ್ಕೆ ಬಂತು. ಬಂಗಾರ ಮಾರಿದ್ದಕ್ಕೆ ಅತ್ತೆಯವರಿಗೆ ಬೇಜಾರಾಯಿತು. ಅಡ ಇಟ್ಟ ಬಂಗಾರಕ್ಕೆ ವರ್ಷಗಟ್ಟಲೆ ಬಡ್ಡಿ ಕಟ್ಟುವುದಕ್ಕಿಂತ ಮಾರಿದ್ದೇ ವಾಸಿ ಅಂತ ನನಗೆ ಈಗಲೂ ಅನಿಸುತ್ತದೆ.

ಕಾರ್ಡಿನದು ಲೋಕ ಅದಾಲತ್‌ನಲ್ಲಿ, ಅಂದರೆ ರಾಜಿ ಮಾಡಿಸುವ ಜನತಾ ನ್ಯಾಯಾಲಯದಲ್ಲಿ, ಮುಗಿಯಿತು. ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಅಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ಅದಾಲತ್‌ಗೆ ಬ್ಯಾಂಕಿನ ಅಧಿಕಾರಿಗಳೇ ಬಂದು ಕೂರುತ್ತಾರೆ. ಕೋರ್ಟ್ ಫೀ ಇಲ್ಲ. ಒಪ್ಪಂದವಾದರೆ ಅದು ಕೋರ್ಟಿನ ಡಿಕ್ರಿ, ಅಂದರೆ ತೀರ್ಪು ಇದ್ದ ಹಾಗೆ, ಮೇಲೆ ಅಪೀಲೂ ಇಲ್ಲ, ಆದ್ದರಿಂದ ಕಟ್ಟಲು ಆಗುವಷ್ಟಕ್ಕೇ ಒಪ್ಪಿಕೊಳ್ಳಿ. ಇನ್ನೊಂದು ಗೊತ್ತಿರಲಿ: ಕಡಿಮೆ ದುಡ್ಡಿಗೆ ಮುಗಿಸಿದ ಸಾಲ ಸಿಬಿಲ್‌ನಲ್ಲಿ (ನಮ್ಮ ಸಾಲದ ದಾಖಲೆ ಇಡುವ ಸಂಸ್ಥೆಯ ವರದಿಯಲ್ಲಿ) "ಸೆಟಲ್ಡ್" ಅಂತ ಬರುತ್ತದೆ, "ಕ್ಲೋಸ್ಡ್" ಅಂತ ಅಲ್ಲ. ಮುಂದೆ ಸಾಲ ಸಿಗುವುದು ಕಷ್ಟ. ನಾವು ಅದನ್ನು ತಿಳಿದೇ ಒಪ್ಪಿದೆವು. ಸದ್ಯ ನಮಗೆ ಹೊಸ ಸಾಲ ಬೇಕಾಗಿಯೂ ಇಲ್ಲ ಬಿಡಿ!

ಸಂಘದ ಕಂತನ್ನು ಮಾತ್ರ ಈ ಗದ್ದಲದಲ್ಲೂ ತಪ್ಪಿಸಲಿಲ್ಲ. ಅಲ್ಲಿ ನಾನು ತಪ್ಪಿದರೆ ಓಣಿಯ ಬೇರೆ ಹೆಂಗಸರ ಕೊರಳಿಗೆ ಬರುತ್ತದೆ. ನಾಳೆ ಅವರ ಮುಖ ನೋಡಬೇಕಲ್ವಾ?

ವಸೂಲಿಯವರ ಬಗ್ಗೆ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ನಾಲ್ಕು ಜನರ ಮುಂದೆ ಮರ್ಯಾದೆ ಕಳೆಯುವಂತೆಯೂ ಇಲ್ಲ. ಮೊದಲು ಬ್ಯಾಂಕಿಗೇ ಬರೆದು ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರಬಹುದು. 14448ಕ್ಕೆ ಫೋನ್ ಮಾಡಿದರೆ ವಿವರ ಹೇಳುತ್ತಾರೆ, ಖರ್ಚಿಲ್ಲ. ಆದರೆ ಸೆಟಲ್‌ಮೆಂಟ್ ಕಂಪನಿಯ ಮೇಲಿನ ದೂರು ಅಲ್ಲಿ ನಡೆಯುವುದಿಲ್ಲ. ಅದು ಬ್ಯಾಂಕೂ ಅಲ್ಲ, ನೋಂದಾಯಿತ ಫೈನಾನ್ಸೂ ಅಲ್ಲ. ಅವರಿಗೆ ಧೈರ್ಯ ಇರುವುದು ಅದರಿಂದಲೇ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಒಂದು ತಿಂಗಳ 8,500 ವಾಪಸ್ ಬಂತು. ಉಳಿದದ್ದು ಇನ್ನೂ ಬಂದಿಲ್ಲ.

ಮನೆಯವರನ್ನು ಜಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆ. ಮೊದಲು ಒಪ್ಪಲಿಲ್ಲ. "ನನಗೇನು ಹುಚ್ಚು ಹಿಡದದೇನು?" ಅಂದರು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಅದಕ್ಕೆ ಒಂದು ಸಲ ಮಾತಾಡಿದ ಮೇಲೆ ಆಸ್ಪತ್ರೆಗೆ ಬರಲು ಒಪ್ಪಿದರು. ಮಾತ್ರೆ ನಡೆದಿದೆ, ನಿದ್ದೆ ಬರುತ್ತಿದೆ. ನಾನು ಇನ್ನೊಂದು ಮಾಡಿದೆ: ಸಾಲದ ಪಾಸ್‌ಬುಕ್ಕು, ನೋಟಿಸು ಎಲ್ಲವನ್ನೂ ಅವರ ಮುಂದೆ ಇಟ್ಟೆ. ಕೆಲವರು ಗಂಡನಿಗೆ ಟೆನ್ಶನ್ ಆಗುತ್ತದೆ ಅಂತ ಮುಚ್ಚಿಡುತ್ತಾರೆ. ಇವರು ಲೆಕ್ಕದ ಮನುಷ್ಯ. ಮಿಲ್ಲಿನ ಖಾತೆ ಪುಸ್ತಕದ ಹಾಗೆ ಜಮಾ, ಖರ್ಚು ಗೆರೆ ಹಾಕಿ ಬರೆದರು. ಕಂಪನಿಗೆ ಹೋದ ದುಡ್ಡಿಗೆ ಕೆಂಪು ಶಾಯಿ. ಈಗ ಸೂಪರ್ ಮಾರ್ಕೆಟ್ ಕಡೆಯ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ದೊಡ್ಡ ದುಡ್ಡಲ್ಲ, ಸಂಘದ ಕಂತಿಗೆ ಆಗುತ್ತದೆ. ಕೆಲವು ದಿನ ಈಗಲೂ ಎದ್ದು ಹೋಗುವುದಿಲ್ಲ. ಅಂಥ ದಿನ ನಾನೂ ಒತ್ತಾಯ ಮಾಡುವುದಿಲ್ಲ.

ನೀವು ಈಗಾಗಲೇ ಇಂಥ ಕಡೆ ಸಹಿ ಹಾಕಿದ್ದರೆ ಇವತ್ತೇ ಫೋನಿನ ಕಾಲ್ ಫಾರ್ವರ್ಡ್ ತೆಗೆಸಿ. ತಿಂಗಳ ದುಡ್ಡು ಅವರಿಗೆ ತಾನಾಗಿ ಹೋಗುವಂತೆ ಇದ್ದರೆ ಯುಪಿಐ ಆ್ಯಪಿನಲ್ಲಿ ಆಟೋ ಪೇ ರದ್ದು ಮಾಡಿ. ಆಮೇಲೆ ಸಾಲ ಕೊಟ್ಟ ಶಾಖೆಗೆ ಹೋಗಿ, ಆ ಕಂಪನಿಗೆ ನಮ್ಮ ಪರವಾಗಿ ಮಾತಾಡುವ ಅಧಿಕಾರ ಇನ್ನು ಇಲ್ಲ, ಏನಿದ್ದರೂ ನಮ್ಮ ಜೊತೆಗೇ ಮಾತಾಡಿ ಅಂತ ಬರೆದು ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ.