ಮುತ್ತಜ್ಜನನ್ನು ಹುಡುಕಲು ಪಹಣಿಯೋ, ಪರದೇಶದ ಚಂದಾ ತಾಣವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಹಣಿಗೆ, ಅಂದರೆ ಜಮೀನು ಯಾರದೆಂದು ಹೇಳುವ ಸರ್ಕಾರಿ ದಾಖಲೆಗೆ. ನಮ್ಮಂಥ ಹಳೇ ಮೈಸೂರು ಕಡೆಯ ಬೇಸಾಯದ ಮನೆಯವರು ವಂಶ ಹುಡುಕಲು ಕೂತರೆ, ಡಾಲರಿನಲ್ಲಿ ಚಂದಾ ಕೇಳುವ ವಂಶವೃಕ್ಷದ ತಾಣಕ್ಕಿಂತ, ಪಹಣಿ ತೋರಿಸುವ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣ ಹೆಚ್ಚು ಹೆಸರು ತೋರಿಸುತ್ತದೆ. ಪಕ್ಕದಲ್ಲಿ 2002ರ ಮತದಾರರ ಪಟ್ಟಿ ಇಟ್ಟುಕೊಂಡರೆ ಹೆಂಗಸರ ಹೆಸರೂ ಸಿಗುತ್ತವೆ. ಇವೆರಡನ್ನೂ, ಇನ್ನೊಂದಷ್ಟು ತಾಣಗಳನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಚಂದಾ ಕಟ್ಟಿದ್ದು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನ ಒತ್ತಾಯಕ್ಕೆ. ಅವನ ಮಕ್ಕಳಿಗೆ ಸ್ಕೂಲಿನಲ್ಲಿ ಫ್ಯಾಮಿಲಿ ಟ್ರೀ ಮಾಡಿಕೊಂಡು ಬನ್ನಿ ಅಂದಿದ್ದರು. ವರ್ಷದ ದುಡ್ಡನ್ನು ಇಬ್ಬರೂ ಹಂಚಿಕೊಂಡೆವು. ತಾಣ ನೋಡಲು ಅಚ್ಚುಕಟ್ಟು, ಮೊಬೈಲಿನಲ್ಲೂ ಸಲೀಸು. ತೊಡಕು ಶುರುವಾಗಿದ್ದು ಹೆಸರು ಬರೆಯುವ ಜಾಗದಲ್ಲೇ.

ಅಲ್ಲಿ ಎರಡು ಖಾನೆ: ಹೆಸರು, ಸರ್‌ನೇಮ್. ನಮ್ಮ ಮುತ್ತಜ್ಜ ಮರೀಗೌಡ, ಅವರಪ್ಪ ಕೆಂಪೇಗೌಡ. ಸರ್‌ನೇಮ್ ಖಾನೆಯಲ್ಲಿ ಏನು ಬರೆಯಬೇಕು? ‘ಗೌಡ’ ಅಂತ ಒಡೆದು ಹಾಕಿದರೆ ಮಂಡ್ಯ, ಹಾಸನ, ತುಮಕೂರಿನ ಗೌಡರೆಲ್ಲ ನೆಂಟರಾಗಿ ಸಾಲುಗಟ್ಟುತ್ತಾರೆ. ಅಪ್ಪನ ಹೆಸರು ಹಾಕಿದರೆ ತಲೆಮಾರಿಗೊಂದು ಸರ್‌ನೇಮ್ ಆಗಿ, ಅಪ್ಪ ಮಗ ಬೇರೆ ಬೇರೆ ಮನೆತನದವರು ಎಂದು ಲೆಕ್ಕ ಹಾಕುತ್ತದೆ. ಖಾಲಿ ಬಿಟ್ಟರೆ ಹುಡುಕಾಟ ಮುಂದಕ್ಕೇ ಹೋಗುವುದಿಲ್ಲ. ನಮ್ಮ ದೊಡ್ಡಪ್ಪನ ಹೆಸರಿನ ಹಿಂದಿರುವ ಎರಡು ಇನಿಶಿಯಲ್‌ಗಳಲ್ಲಿ ಒಂದು ಊರಿನದು, ಇನ್ನೊಂದು ಅಪ್ಪನದು. ಅದನ್ನು ಬಿಡಿಸಿ ಹೇಳಲು ಅಲ್ಲಿ ಜಾಗವೇ ಇಲ್ಲ.

ಇಂಗ್ಲಿಷ್ ಕಾಗುಣಿತದ ಗೋಳು ಬೇರೆ. ಒಂದೇ ಮರೀಗೌಡನನ್ನು ನಾಲ್ಕೈದು ಥರ ಬರೆಯಬಹುದು. ಒಂದೊಂದಕ್ಕೂ ಒಂದೊಂದು ಫಲಿತಾಂಶ. ಅಜ್ಜಿಯರನ್ನು ಸೇರಿಸಲು ಹೋದರೆ ಮದುವೆಗೆ ಮುಂಚಿನ ಸರ್‌ನೇಮ್ ಕೊಡಿ ಎನ್ನುತ್ತದೆ. ನಮ್ಮ ಚಿಕ್ಕತಾಯಮ್ಮಜ್ಜಿ ಹುಟ್ಟಿದಾಗಲೂ ಚಿಕ್ಕತಾಯಮ್ಮ, ತೀರಿಕೊಂಡಾಗಲೂ ಚಿಕ್ಕತಾಯಮ್ಮ. ಇಷ್ಟಾದ ಮೇಲೂ ವಾರವಾರ ‘ನಿಮ್ಮ ಪೂರ್ವಜರ ಸುಳಿವು ಸಿಕ್ಕಿದೆ’ ಅಂತ ಮಿಂಚಂಚೆ ಬರುತ್ತಿತ್ತು. ತೆಗೆದು ನೋಡಿದರೆ ಯಾರೋ ಕಟ್ಟಿದ ಇನ್ನೊಂದು ಮರ, ಯಾವುದೋ ಊರಿನ ಇನ್ನೊಬ್ಬ ಮರೀಗೌಡ.

ಇದು ಹೀಗಾಗುವುದಕ್ಕೆ ಕಾರಣವಿದೆ. ಆ ಬಗೆಯ ತಾಣಗಳ ಬಂಡವಾಳವೇ ಹಳೆಯ ಜನಗಣತಿ, ಚರ್ಚಿನ ದಾಖಲೆ, ಹಡಗಿನ ಪ್ರಯಾಣಿಕರ ಪಟ್ಟಿ. ಅಮೆರಿಕದಲ್ಲಿ 72 ವರ್ಷ ಕಳೆದ ಜನಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ, ಯಾರಿಗೂ ತೋರಿಸುವಂತಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಹಳ್ಳಿಯ ಮನೆಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಮಣ್ಣಾದವರು ಆ ತಾಣಕ್ಕೆ ಸಿಗುವುದಾದರೂ ಎಲ್ಲಿ?

ಹಳ್ಳಿಯವರ ಹೆಸರು ಸರ್ಕಾರದ ಕಡತಕ್ಕೆ ಏರಿದ್ದು ಜಮೀನಿನ ದೆಸೆಯಿಂದ. ಅದಕ್ಕೇ ನಾನು ಪಹಣಿಗೆ ಅಂಟಿಕೊಂಡಿದ್ದು.

ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್, ಹಿಸ್ಸಾ (ಅದರೊಳಗಿನ ಪಾಲಿನ ನಂಬರ್) ಕೊಟ್ಟರೆ ಪಹಣಿ ಬರುತ್ತದೆ. ನೋಡುವುದಕ್ಕೆ ದುಡ್ಡಿಲ್ಲ. ಕಣ್ಣು ಹೋಗಬೇಕಾದ್ದು 9 ಮತ್ತು 10ನೇ ಕಾಲಂಗೆ. ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು, ‘ಮರೀಗೌಡ ಬಿನ್ ಕೆಂಪೇಗೌಡ’ ಎಂದು, ಅಂದರೆ ಕೆಂಪೇಗೌಡರ ಮಗ ಮರೀಗೌಡ. ಹೆಂಗಸಾದರೆ ‘ಕೋಂ’ ಎಂದು ಗಂಡನ ಹೆಸರು. ಒಂದು ಸಾಲಿನಲ್ಲಿ ಎರಡು ತಲೆಮಾರು, ಸರ್‌ನೇಮಿನ ಗೊಡವೆಯೇ ಇಲ್ಲ. ಹತ್ತನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಎಂಬುದು: ಪೌತಿ (ಹಿರಿಯರು ತೀರಿಕೊಂಡ ಮೇಲೆ ಬಂದದ್ದು), ವಿಭಾಗ, ಕ್ರಯ, ದಾನ, ಜೊತೆಗೆ ಎಂ.ಆರ್., ಅಂದರೆ ಖಾತೆ ಬದಲಾವಣೆಯ (ಮ್ಯುಟೇಷನ್) ನಂಬರ್. ಆ ನಂಬರ್ ಹಿಡಿದು ಮ್ಯುಟೇಷನ್ ನಕಲು ತೆಗೆದರೆ ಯಾರು ತೀರಿಕೊಂಡರು, ಯಾರು ಯಾರಿಗೆ ಪಾಲಾಯಿತು ಎಂಬುದೆಲ್ಲ ಅಲ್ಲಿರುತ್ತದೆ.

ಊರಿನ ನಮ್ಮ ಒಂದು ಹಿಸ್ಸಾದ ಪಹಣಿ ತೆಗೆದು ಅಪ್ಪನಿಗೆ ತೋರಿಸಿದೆ. “ಮುತ್ತಜ್ಜನ ಹೆಸರು ಇನ್ನೂ ಅಲ್ಲೇ ಅದೆಯಲ್ಲವ್ವ! ಅವರು ಹೋಗಿ ಎಷ್ಟು ಕಾಲಾಯ್ತು” ಅಂದರು. ಪೌತಿ ಖಾತೆ ಆಗದ ಜಮೀನುಗಳ ಕಥೆ ಇದೇ. ಖಾತೆ ಮಾಡಿಸಿಕೊಳ್ಳುವವರಿಗೆ ಅದು ತಲೆನೋವು, ವಂಶ ಹುಡುಕುವವರಿಗೆ ಭಾಗ್ಯ. ಬ್ಯಾಂಕ್ ಸಾಲ ಪಡೆದಿದ್ದರೆ ಅದೂ 11ನೇ ಕಾಲಂನಲ್ಲಿ ಕಾಣುತ್ತದೆ. ನಮ್ಮಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಬಾವಿ ತೋಡಿಸಿದ ಕಥೆ ಹೇಳಿದರು.

ಮಿತಿಗಳೂ ಇವೆ. ಆನ್‌ಲೈನಿನಲ್ಲಿ ಸಿಗುವುದು ಹೆಚ್ಚುಕಡಿಮೆ 2000ದಿಂದ ಈಚಿನದು, ಅದಕ್ಕೂ ಹಿಂದಿನ ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮೇ ಗತಿ. ಭೂ ಸುರಕ್ಷಾ ಯೋಜನೆಯಲ್ಲಿ ಆ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯ ಕೆಲಸ. ಪೋಡಿಯಾಗಿ, ಅಂದರೆ ಜಮೀನನ್ನು ಅಳೆದು ಪಾಲು ಬೇರೆ ಮಾಡಿ, ಹಿಸ್ಸಾ ನಂಬರ್ ಬದಲಾಗಿದ್ದರೆ ಹಳೆಯ ನಂಬರ್ ಯಾವುದಿತ್ತೆಂದು ಊರಿನ ಹಿರಿಯರನ್ನೇ ಕೇಳಬೇಕು. ಜಮೀನೇ ಇಲ್ಲದ ಮನೆಯವರಿಗೆ ಪಹಣಿಯಿಂದ ಏನೂ ದಕ್ಕುವುದಿಲ್ಲ. ಇದು ಅದರ ದೊಡ್ಡ ಕೊರತೆ. ಗೇಣಿ ಮಾಡುತ್ತಿದ್ದವರಾದರೆ 1974ರ ಭೂಸುಧಾರಣೆಯ ಹೊತ್ತಿನಲ್ಲಿ ಕೊಟ್ಟ ಫಾರಂ ನಂಬರ್ 7ರ ಅರ್ಜಿ ಕೇಳಿ ನೋಡಿ, ಉಳುತ್ತಿದ್ದವರ ಹೆಸರು ಅಲ್ಲಿದೆ.

ಇನ್ನು ಹೆಂಗಸರು. ನಮ್ಮ ಮುತ್ತಜ್ಜನಿಗೆ ಮೂವರು ಹೆಣ್ಣುಮಕ್ಕಳು, ಪಹಣಿಯಲ್ಲಿ ಒಬ್ಬರೂ ಇಲ್ಲ. ಇಲ್ಲಿ ಕೈಹಿಡಿಯುವುದು 2002ರ ಮತದಾರರ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ತಾಣದಲ್ಲಿದೆ, ಉಚಿತ. ಮನೆ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಅಜ್ಜಿ, ಅವರ ವಾರಗಿತ್ತಿ, ಸೊಸೆಯರು ಎಲ್ಲರೂ ಒಂದೇ ಮನೆ ನಂಬರಿನ ಕೆಳಗೆ ಸಾಲಾಗಿ ಬಂದರು. ವಯಸ್ಸನ್ನು ಮಾತ್ರ ಅಷ್ಟಾಗಿ ನಂಬಬೇಡಿ, ಮುದುಕರೆಲ್ಲ 60, 65, 70 ಎಂದೇ ಇರುತ್ತಾರೆ.

ಪಟ್ಟಿ ಹುಡುಕುವಾಗ ಒಂದು ಗೊತ್ತಿರಲಿ: 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚಿನ ಕ್ಷೇತ್ರಗಳ ಹೆಸರಿನಲ್ಲೇ ನೋಡಬೇಕು. ನಮ್ಮೂರು ಈಗ ಕನಕಪುರ ಕ್ಷೇತ್ರ, ಆಗ ಸಾತನೂರು. ಸಾತನೂರು ಕ್ಷೇತ್ರವೇ ಈಗಿಲ್ಲ. ಬೆಂಗಳೂರಿನ ಉತ್ತರಹಳ್ಳಿಯದೂ ಇದೇ ಕಥೆ. ಜಿಲ್ಲೆಯ ವಿಷಯವೂ ಹಾಗೆಯೇ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೆ ಮೊದಲು ಕನಕಪುರ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತ್ತು. ಆಗ ಗೆದ್ದ ಶಾಸಕರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಕ್ಷೇತ್ರದ ಹೆಸರು ಥಟ್ಟನೆ ಬರುತ್ತದೆ.

ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳನ್ನು ಹುಡುಕಲು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇ.ಸಿ. (ಆಸ್ತಿಯ ನೋಂದಾಯಿತ ಪತ್ರಗಳ ಪಟ್ಟಿ) ನೋಡಿ. 2004ರಿಂದ ಈಚಿನದು ಸುಲಭವಾಗಿ ಸಿಗುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದ ಮೇಲೆ ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಅಕ್ಕತಂಗಿಯರ ಸಹಿಯಿಲ್ಲದೆ ನಡೆಯುವುದಿಲ್ಲ. ನಮ್ಮ ಸೋದರತ್ತೆಯರು ಯಾವ ಊರಿಗೆ ಹೋದರು, ಅವರ ಮಕ್ಕಳು ಯಾರು ಎಂಬುದು ಸಿಕ್ಕಿದ್ದು ಅಂಥ ಒಂದು ಪತ್ರದಲ್ಲೇ. ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ ಮಾತ್ರ ಅವರು ಆ ಮನೆಯ ಮಕ್ಕಳೆಂದು ದಾಖಲಾಗಿರುವುದು ನೋಡಿ ನನಗೆ ಸಂಕಟವಾಯಿತು.

ಉಳಿದವು. ಫ್ಯಾಮಿಲಿಸರ್ಚ್: ಮಾರ್ಮನ್ ಚರ್ಚಿನವರದು, ಪೂರ್ತಿ ಉಚಿತ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ (ತೀರ್ಥಕ್ಷೇತ್ರದ ಪುರೋಹಿತರ) ವಂಶಾವಳಿ ವಹಿಗಳನ್ನು ಚಿತ್ರ ತೆಗೆದು ಇಟ್ಟಿದ್ದಾರೆ. ಉತ್ತರದ ಮನೆತನಗಳಿಗೆ ಬಂಗಾರ, ನಮಗೆ ಅಷ್ಟಕ್ಕಷ್ಟೆ. ಫಿಬಿಸ್: ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳಿಗೆ, ಬೆಂಗಳೂರು ದಂಡು ಅಥವಾ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಬೇರುಳ್ಳವರು ಮೊದಲು ಇಲ್ಲಿಗೇ ಹೋಗಬೇಕು. ಕೊಡವರಿಗೆ ಒಕ್ಕದ (ಮನೆತನದ) ಹೆಸರು ಗಟ್ಟಿಯಾಗಿರುವುದರಿಂದ ಸರ್‌ನೇಮ್ ಖಾನೆ ಅವರನ್ನು ನಮ್ಮಷ್ಟು ಕಾಡದು. ಹೆಳವರು ಮನೆ ಬಾಗಿಲಿಗೆ ಬಂದು ಒಪ್ಪಿಸುತ್ತಿದ್ದ ವಂಶಾವಳಿಯನ್ನು ಮಾತ್ರ ಈ ಯಾವ ತಾಣದಲ್ಲೂ ನಾನು ಕಾಣಲಿಲ್ಲ. ನಿಮ್ಮೂರಿಗೆ ಈಗಲೂ ಬರುವುದಾದರೆ ಅವರನ್ನು ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೈತುಂಬ ಕೊಟ್ಟು ಕಳಿಸಿ.

ಸಿಕ್ಕಿದ್ದನ್ನೆಲ್ಲ ನಾನು ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸುತ್ತೇನೆ. ಕನ್ನಡದಲ್ಲೇ ಹೆಸರು ಬರೆಯಬಹುದು, ವಿವರ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಬದುಕಿರುವವರ ಸರ್ವೆ ನಂಬರ್, ಪಾಲಿನ ವಿವರ ಯಾವ ತಾಣಕ್ಕೂ ಏರಿಸಬೇಡಿ.

ಅಮೆರಿಕದಲ್ಲಿ ಹುಟ್ಟಿದ ತಮ್ಮನ ಮಕ್ಕಳಿಗೆ ಚಂದಾ ತಾಣ ಮುಂದೆ ಉಪಯೋಗಕ್ಕೆ ಬರಬಹುದು. ಅವನು ಬೇಕಾದರೆ ಇಟ್ಟುಕೊಳ್ಳಲಿ. ನನಗೆ ರಾತ್ರಿ ಊಟವಾದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹಿಸ್ಸಾ ತೆಗೆಯುವುದೇ ರೂಢಿಯಾಗಿದೆ, ಕನ್ನಡದಲ್ಲಿರುವುದರಿಂದ ಅವರೇ ಓದಿ ಹೇಳುತ್ತಾರೆ. ನನ್ನ ಪಾಲಿನ ಚಂದಾ ಈ ವರ್ಷ ಕಟ್ಟಿಲ್ಲ. ಅದರಲ್ಲಿ ಒಂದಿಷ್ಟನ್ನು ಮುರಿದು, ಕೈಬರಹದ ಪಹಣಿಯ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿದ್ದೇನೆ.